ತವರಿಗೆ ಬರಬೇಡ, ಶಾಂಭವಿ

ದಾಸನಕೊಪ್ಪ
೧೨ ಜನವರಿ ೨೦೨೫, ರವಿವಾರ

ಚಿ. ಸೌ. ಶಾಂಭವಿಗೆ, ನಿನ್ನ ಅವ್ವ ಬಾಯ್ತುಂಬ ಹರಸಿ ಬರೆಯುವುದೇನೆಂದರೆ,

ಫೋನು ಇದ್ದೂ ಅವ್ವ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಅಂಗಡಿಯಲ್ಲಿ ಕುಳಿತು ಬೆಲ್ಲಕ್ಕೆ ಮುತ್ತಿದ ಇರುವೆಗಳನ್ನು ಬೈಯುತ್ತಿದ್ದಾರೆ, ಅಷ್ಟು ಗಟ್ಟಿಮುಟ್ಟಾಗಿದ್ದಾರೆ. ಫೋನಿನಲ್ಲಿ ನೀನು ‘ಅವ್ವಾ’ ಅಂದ ಕೂಡಲೇ ನನ್ನ ಬಾಯಿಂದ ‘ನಾ ಆರಾಮ ಅದೀನಿ’ ಎಂಬ ಸುಳ್ಳು ತಾನಾಗಿ ಬಂದುಬಿಡುತ್ತದೆ. ಕಾಗದದ ಮೇಲೆ ಸುಳ್ಳು ಬರೆಯುವುದು ಸ್ವಲ್ಪ ಕಷ್ಟ. ಎದುರು ಮನೆಯ ದಾದಾಸಾಬ ನಾಳೆ ಮಾಲು ಹೇರಿಕೊಂಡು ಯಲ್ಲಾಪುರಕ್ಕೆ ಹೊರಟಿದ್ದಾನೆ. ನಿನ್ನ ಕೈಗೇ ಕೊಡಬೇಕೆಂದು ಹೇಳಿ ಅವನ ಜೊತೆ ಇದನ್ನು ಕಳಿಸುತ್ತೇನೆ.

ವಿಷಯ ಇಷ್ಟೇ. ಸಂಕ್ರಾಂತಿ ಕಳೆದ ಮೇಲೆ ನಿಮ್ಮಪ್ಪ ಬಂದು ನಿನ್ನನ್ನು ಹೆರಿಗೆಗೆ ಕರೆತರುತ್ತಾರೆ ಎಂದು ಮಾತಾಗಿತ್ತಲ್ಲ, ಅವರು ಬರುವುದಿಲ್ಲ. ನೀನೂ ಬರಬೇಡ. ಹೆರಿಗೆ, ಬಾಣಂತನ ಎರಡೂ ನಿಮ್ಮ ಅತ್ತೆ ದೇವಕ್ಕನ ಕೈಯಲ್ಲೇ ಆಗಲಿ.

ಯಾಕೆ ಎಂದು ಕೇಳುತ್ತೀ. ಒಂದು, ನಮ್ಮ ಬಚ್ಚಲಿನ ಹಾಸುಗಲ್ಲು ಒಡೆದಿದೆ. ಬಾಣಂತಿ ಕಾಲಿಟ್ಟರೆ ಜಾರಬೇಕು ಹಾಗಿದೆ, ರಿಪೇರಿಯವನು ನಾಳೆ ನಾಡಿದ್ದು ಎಂದು ಆಡಿಸುತ್ತಿದ್ದಾನೆ. ಇನ್ನೊಂದು, ಅಲ್ಲಿ ದವಾಖಾನೆ ನಿಮ್ಮ ಮನೆಯ ಹತ್ತಿರ. ಇಲ್ಲಾದರೆ ನೋವು ಶುರುವಾದ ಮೇಲೆ ಶಿರಸಿಗೆ ಓಡಬೇಕು. ಮತ್ತೆ ಪಕ್ಕದಲ್ಲಿ ಹೊಸ ಮನೆ ಕಟ್ಟುತ್ತಿದ್ದಾರೆ, ದಿನವಿಡೀ ಧೂಳು.

ಇಷ್ಟು ಬರೆದು ಒಮ್ಮೆ ಓದಿದೆ. ನನಗೇ ನಗು ಬಂತು. ಚೊಚ್ಚಲ ಬಸುರಿ ಮಗಳಿಗೆ ಧೂಳಿನ ನೆವ ಹೇಳುವ ತಾಯಿ ಇದ್ದಾಳೇನೇ? ನೀನು ಇದನ್ನು ಓದಿ ಹರಿದು ಒಲೆಗೆ ಹಾಕಿ ಮರುದಿನವೇ ಬಸ್ಸು ಹತ್ತುವವಳು. ಅದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಬೈದುಕೊಳ್ಳುವುದಾದರೆ ಪೂರ್ತಿ ಓದಿ ಬೈದುಕೋ.

ನನ್ನ ಎಡಗೈಯ ಕಥೆ ನಿನಗೆ ಗೊತ್ತು. ಸರ್ಪಸುತ್ತು ಎದ್ದಾಗ ನಾವು ಮಾಡಿದ್ದೇನು? ಮೊದಲು ಕೆಮ್ಮಣ್ಣು ಬರೆಸಿಕೊಂಡೆವು. ಗುಳ್ಳೆ ಒಣಗಿತು, ಎಲ್ಲರೂ ಬಂದು ನೋಡಿ ‘ಭೇಷ್ ಆತು’ ಅಂದರು. ದವಾಖಾನೆಗೆ ಹೋದದ್ದು ಆಮೇಲೆ. ಹೊತ್ತು ಮೀರಿ ಬಂದಿದ್ದೀರಿ, ಗುಳ್ಳೆ ಹೋದರೂ ನರದೊಳಗೆ ನೋವು ಕುಳಿತುಬಿಟ್ಟಿದೆ ಎಂದರು. ಭುಜದಿಂದ ಅಂಗೈವರೆಗೆ ಅದು ಉರಿಯೋ, ಚುಚ್ಚೋ, ಕರೆಂಟ್ ಹೊಡೆದದ್ದೋ, ನನಗೇ ತಿಳಿಯುವುದಿಲ್ಲ. ಗಟ್ಟಿಯಾಗಿ ಹಿಡಿದರೆ ತಡೆಯಬಹುದು. ಸೆರಗು ಸವರಿದರೆ, ಫ್ಯಾನಿನ ಗಾಳಿ ಬಡಿದರೆ ತಡೆಯಲಾಗುವುದಿಲ್ಲ. ಹೊರಗೆ ನೋಡಿದರೆ ಕೈ ಚೆನ್ನಾಗಿದೆ, ಒಂದು ಕಲೆಯೂ ಇಲ್ಲ. ‘ಇಷ್ಟ ಛಲೋ ಕೈ ಇಟಗೊಂಡು ಏನು ನಾಟಕ’ ಎಂದು ನಿಮ್ಮ ದೊಡ್ಡಮ್ಮ ಒಮ್ಮೆ ಅಂದಿದ್ದಳು. ಅವಳ ಬಾಯಿಗಿಷ್ಟು ಮಣ್ಣು ಬೀಳಲಿ.

ಗುಳಿಗೆ ಶುರುವಾದ ಹೊಸತರಲ್ಲಿ ನಾನು ಆ ಗುಳಿಗೆಗೆ ಕೈಮುಗಿದಿದ್ದೆ. ಬೆಳಿಗ್ಗೆ ನರದ್ದೊಂದು, ನೋವಿನದ್ದೊಂದು ನುಂಗಿ ಸ್ನಾನ ಮಾಡಿ ಕುಳಿತರೆ ಲಿಂಗಪೂಜೆ ಮುಗಿಯುವವರೆಗೂ ಅಂಗೈ ಸುಮ್ಮನಿರುತ್ತಿತ್ತು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣಿಟ್ಟು ನೋಡುತ್ತಾ ಕೂತರೆ ಹೊರಗೆ ಯಾರು ಕರೆದರೂ ಕೇಳುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಪತ್ರಿ ಏರಿಸುವಷ್ಟರಲ್ಲಿ ಉರಿ ಏಳತೊಡಗಿತು. ಡಾಕ್ಟರರು ಗುಳಿಗೆ ದೊಡ್ಡದು ಮಾಡಿದರು, ಮತ್ತೆ ಸರಿಹೋಯಿತು. ಆಮೇಲೆ ಅದೂ ಸಾಲದಾಯಿತು. ಮತ್ತೆ ಏರಿಸಿದರು. ನೋವು ಹೆಚ್ಚಾಯಿತೋ ಗುಳಿಗೆಯ ಕಸುವು ಕಡಿಮೆಯಾಯಿತೋ ಎಂದು ನಾನು, ನಿಮ್ಮಪ್ಪ ಕುಳಿತು ವಾದಿಸಿದ್ದೇ ವಾದಿಸಿದ್ದು. ಕಡೆಗೆ ವಿಭೂತಿ ಹಚ್ಚುವವರೆಗೂ ಕೈ ನಿಲ್ಲದಾಯಿತು.

ನಿನಗೆ ಬಸುರಿನ ಕುಬುಸ ಮಾಡಿದ ದಿನ ನೆನಪಿದೆಯಾ? ನಾನು ಆರತಿ ಎತ್ತಿದೆ, ನಿನಗೆ ಬಳೆ ಇಡಿಸಿದೆ, ಬಂದ ಹೆಂಗಸರಿಗೆಲ್ಲ ನಾನೇ ಓಡಾಡಿ ಉಡಿ ತುಂಬಿದೆ. ‘ಅವ್ವ ಮೊದಲಿನಂಗ ಆಗ್ಯಾಳ’ ಎಂದು ನೀನು ಗಂಡನ ಹತ್ತಿರ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಎಷ್ಟು ಖುಷಿಯಾಯಿತು ಅಂತೀ! ಆ ದಿನ ನಾನು ನರದ್ದೂ ಎರಡು, ನೋವಿನದ್ದೂ ಎರಡು ನುಂಗಿ ಬಂದಿದ್ದೆ ಕಣೇ. ಒಂದು ದಿನದ ಮಾತು, ಮಗಳ ಮುಂದೆ ನಗುನಗುತ್ತಾ ಇರಬೇಕು ಎಂದು ನನಗೆ ನಾನೇ ಪರವಾನಗಿ ಕೊಟ್ಟುಕೊಂಡಿದ್ದೆ. ಮಾರನೆಯ ದಿನ ಮೊದಲಿನ ಲೆಕ್ಕಕ್ಕೆ ಇಳಿದರೆ ಕೈ ಕೇಳಲೇ ಇಲ್ಲ. ಅಲ್ಲಿಂದ ಮುಂದೆ ದಿನವೂ ಎರಡೆರಡಾಯಿತು. ನಿಮ್ಮಪ್ಪನಿಗೆ ಹೇಳಲಿಲ್ಲ. ಡಾಕ್ಟರಿಗಂತೂ ಇಲ್ಲವೇ ಇಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಪೂಜೆಗೆ ಕುಳಿತಿದ್ದೆ. ಲಿಂಗದ ಮೇಲೆ ಕಣ್ಣು ನೆಟ್ಟಿದ್ದು ನೆನಪಿದೆ. ಆಮೇಲೆ ಕೇಳಿದ್ದು ತಟ್ಟೆಯ ಸದ್ದು. ಕಣ್ಣು ಬಿಟ್ಟರೆ ಅಂಗೈ ಖಾಲಿ. ಲಿಂಗ ತಟ್ಟೆಯ ಅಂಚಿಗೆ ಬಡಿದು ಗೋಡೆಯ ಬುಡಕ್ಕೆ ಉರುಳಿತ್ತು.

ಶಾಂಭವಿ, ಹುಟ್ಟಿದಾಗಿನಿಂದ ಮೈಮೇಲಿರುವುದು ಅದು. ನಮ್ಮ ಅಜ್ಜಿಯ ಕಾಲದಲ್ಲಿ ಅದು ಕೈಜಾರಿ ಬಿದ್ದರೆ ಜೀವ ಇಟ್ಟುಕೊಳ್ಳಬಾರದು ಅನ್ನುತ್ತಿದ್ದರು. ನಾನು ತೊಡೆ ಮೇಲೆ ಕೈ ಇಟ್ಟುಕೊಂಡು ಹಾಗೇ ಕುಳಿತೆ. ಅಳಲೂ ಬರಲಿಲ್ಲ. ಮಠದ ಅಯ್ಯನವರನ್ನು ಕರೆಸಿ ಹೇಳಿದೆ. ಅವರು ಪುಣ್ಯಾತ್ಮರು, ‘ತೊಳೆದು ಪೂಜಿ ಮಾಡ್ರಿ ತಾಯಿ, ಶಿವ ಅಷ್ಟು ಸಣ್ಣಾಂವಲ್ಲ’ ಎಂದರು. ಶಿವನ ಚಿಂತೆ ಅವರು ಬಗೆಹರಿಸಿದರು. ನನಗೆ ಹತ್ತಿದ್ದು ಬೇರೆ ಚಿಂತೆ. ಲಿಂಗ ಹಿಡಿದ ಕೈಯೇ ನಿದ್ದೆಯಲ್ಲಿ ಬಿಟ್ಟಿತು ಅಂದರೆ ಈ ಕೈಗೆ ಕೂಸು ಕೊಡುವುದು ಹೇಗೆ?

ಅವತ್ತೇ ನಿಮ್ಮಪ್ಪನಿಗೆ ಎಲ್ಲ ಹೇಳಿ, ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಶಿರಸಿಗೆ ಬರುವ ನೋವಿನ ಡಾಕ್ಟರು ತನುಜಾ ಅವರ ಹತ್ತಿರ ಹೋದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ‘ಪಾರ್ವತವ್ವಾರ, ನಿಮ್ಮ ಮೈ ಈ ಗುಳಿಗಿಗೆ ಒಗ್ಗಿಬಿಟ್ಟೈತಿ. ಇದು ಚಟ ಅಲ್ಲ, ಎಷ್ಟೋ ಮಂದಿಗೆ ಹಿಂಗ ಆಗ್ತದ. ಆದ್ರ ನೀವಾಗೇ ಏರಿಸಿಕೊಂಡದ್ದು ಜೀವಕ್ಕ ಅಪಾಯ, ಮಲಗಿದಲ್ಲೇ ಉಸಿರು ನಿಲ್ಲಬಹುದಿತ್ತು’ ಎಂದರು. ಇನ್ನೂ ದೊಡ್ಡದು ಕೊಡ್ರಿ ಎಂದು ಬೇಡಿದೆ. ಎಷ್ಟು ಏರಿಸಿದರೂ ಮತ್ತೆ ಇದೇ ಹಾಡು, ಈಗ ಇಳಿಸುವುದೇ ದಾರಿ ಎಂದರು. ಒಮ್ಮೆಲೇ ಬಿಡುವ ಹಾಗೂ ಇಲ್ಲ, ಸ್ವಲ್ಪ ಸ್ವಲ್ಪವಾಗಿ ತಿಂಗಳುಗಟ್ಟಲೆ ಇಳಿಸಬೇಕು. ನಡುವೆ ಬೇರೆ ಔಷಧಿ, ಕೈಗೆ ಹಚ್ಚುವ ಮುಲಾಮು ಕೊಡುತ್ತಾರಂತೆ. ಮೈ ಹಳೆಯ ರೂಢಿ ಮರೆತ ಮೇಲೆ ಸಣ್ಣ ಗುಳಿಗೆಯೂ ಕೇಳಬಹುದು. ಕೇಳುತ್ತದೆ ಎಂದು ಹೇಳಲಿಲ್ಲ, ಕೇಳಬಹುದು ಎಂದರು. ಮಗಳ ಬಾಣಂತನ ಮುಗಿದ ಮೇಲೆ ಶುರು ಮಾಡೋಣ ಎಂದದ್ದಕ್ಕೆ ಅವರು ಅಂದಿನಿಂದಲೇ ಇಳಿಸುವ ಲೆಕ್ಕ ಬರೆದು ನನ್ನ ಕೈಗೆ ಕೊಟ್ಟರು. ನನಗೆ ಅರ್ಥವಾಯಿತು.

ಈಗ ಇಳಿಸುವುದು ನಡೆದಿದೆ. ಅದನ್ನು ಏನೆಂದು ಬರೆಯಲಿ? ಮೈ ಬೆವರುತ್ತದೆ, ಹಿಂದೆಯೇ ಚಳಿ. ಹೊಟ್ಟೆ ಕೆಡುತ್ತದೆ. ಆಕಳಿಸಿ ಆಕಳಿಸಿ ದವಡೆ ನೋಯುತ್ತದೆ. ಕೈಯಂತೂ ಹಳೆಯ ಬಾಕಿ ತೀರಿಸಿಕೊಳ್ಳುತ್ತಿದೆ. ಗುಳಿಗೆ ಬೇರೆಯವರ ಹತ್ತಿರ ಇರಬೇಕು ಎಂದು ಡಾಕ್ಟರರ ಕಟ್ಟಪ್ಪಣೆ. ಮೊದಲು ನಿಮ್ಮಪ್ಪನ ಹತ್ತಿರ ಇತ್ತು. ನಾನು ಒಮ್ಮೆ ನರಳಿದ್ದೇ ಸಾಕು, ಅಂಗಡಿ ಬಿಟ್ಟು ಓಡಿಬಂದು ಗುಳಿಗೆ, ನೀರು ಎರಡೂ ಹಿಡಿದು ನಿಂತರು. ‘ನಿನ್ನ ಸಂಕಟ ನನಗ ನೋಡೂಕಾಗೂದಿಲ್ಲ’ ಎಂದು ಅತ್ತರು. ಇಂಥವರನ್ನು ಕಟ್ಟಿಕೊಂಡು ನಾನೇನು ಮಾಡಲಿ? ಅದಕ್ಕೇ ಈಗ ದಾದಾಸಾಬನ ಹೆಂಡತಿ ಸಕೀನಾ ಇಟ್ಟುಕೊಂಡಿದ್ದಾಳೆ. ಹೊತ್ತಿಗೆ ಸರಿಯಾಗಿ ತಂದು, ನುಂಗಿಸಿ, ಬಾಯಿ ತೆಗೆಸಿ ನೋಡಿ ಹೋಗುತ್ತಾಳೆ. ಮೊನ್ನೆ ಅವಳ ಬಾಗಿಲಿಗೆ ಹೋಗಿ ಬೇಡಿದೆ. ಕೊಡದಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದೆ, ಅವಳ ಮಕ್ಕಳ ಹೆಸರೆತ್ತಿಯೂ ಬೈದೆ. ‘ಅಕ್ಕಾ, ಬೈರಿ, ಎಷ್ಟ ಬೇಕಾದ್ರೂ ಬೈರಿ. ಗುಳಿಗಿ ಒಂದ ಕೇಳಬ್ಯಾಡ್ರಿ’ ಎಂದು ಬಾಗಿಲಲ್ಲೇ ನನ್ನನ್ನು ಕೂರಿಸಿ ಚಹಾ ಕೊಟ್ಟಳು.

ನಿನ್ನ ಅವ್ವ ಈಗ ಇಂಥವಳು. ಇವಳ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತೀಯಾ?

ನಿಮ್ಮಪ್ಪ ಇನ್ನೂ ಒಪ್ಪಿಲ್ಲ. ‘ಗುಳಿಗಿ ಕಡಿಮಿ ಆದ್ರ ನಿದ್ದಿ ಬರೂದಿಲ್ಲಲ್ಲ. ಎಚ್ಚರ ಇದ್ದು ಕೂಸಿಗೆ ನೀರು ಎರೀಬಹುದಲ್ಲ’ ಎನ್ನುತ್ತಾರೆ. ಚೊಚ್ಚಲಿಗೆ ಕರೆಯದಿದ್ದರೆ ಊರವರು ಏನಂದಾರು ಎಂಬುದೂ ಅವರ ಚಿಂತೆ. ಅವರ ಮಾತಿಗೆ ನಾನು ಉತ್ತರ ಕೊಡಲಿಲ್ಲ, ಎದ್ದು ಒಳಗೆ ಬಂದೆ.

ಈ ಓಣಿಯ ಕೂಸುಗಳಿಗೆಲ್ಲ ಎರೆದವಳು ನಾನು. ಕಾಲು ಚಾಚಿ ಕುಳಿತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರೆ ಎಂಥ ಹಟಮಾರಿಯೂ ನನ್ನ ಕೈಯಲ್ಲಿ ಸುಮ್ಮನಾಗುತ್ತಿತ್ತು. ಸಕೀನಾಳ ಮಕ್ಕಳಿಗೂ ನಾನೇ ಎರೆದದ್ದು. ಈಗ ನನ್ನ ಸ್ವಂತ ಮೊಮ್ಮಗು ಬರುವಾಗ ಬೇರೆಯವರ ಕೈಗೆ ಕೊಡ್ರಿ ಎಂದು ಬರೆಯುತ್ತಿದ್ದೇನೆ. ಹೊಟ್ಟೆ ಉರಿಯುತ್ತದೆ ಶಾಂಭವಿ, ಕೈ ಉರಿಗಿಂತ ಹೆಚ್ಚು ಉರಿಯುತ್ತದೆ.

ದೇವಕ್ಕನಿಗೆ ಹೇಳು, ಎರೆಯುವ ನೀರನ್ನು ಮೊದಲು ಮೊಣಕೈ ಮೇಲೆ ಹಾಕಿ ನೋಡಲಿ. ಅವರ ಕೈ ದಪ್ಪ, ಬಿಸಿ ತಿಳಿಯುವುದಿಲ್ಲ. ಇದನ್ನು ನಾನು ಹೇಳಿದೆ ಎನ್ನಬೇಡ, ಮುನಿಸಿಕೊಂಡಾರು. ಅಂಟಿನುಂಡೆ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ. ಹದ ನಾನು ಹೇಳಿದ್ದು, ಉಂಡೆ ಕಟ್ಟಿದ್ದು ಸಕೀನಾ, ಅದಕ್ಕೇ ಒಂದೊಂದೂ ತೆಂಗಿನಕಾಯಿ ಗಾತ್ರ ಇದೆ. ಕೂಸಿಗೆ ಲಿಂಗ ಕಟ್ಟಿಸುವ ದಿನ ಹೇಳಿ ಕಳಿಸು. ಬರಲಾದರೆ ಬಂದು ದೂರ ಕುಳಿತು ನೋಡುತ್ತೇನೆ. ಕೊಡು ಎಂದು ನಾನು ಕೇಳುವುದಿಲ್ಲ, ನೀನೂ ಪಾಪ ಅಂದುಕೊಂಡು ತಂದು ತೊಡೆಯ ಮೇಲೆ ಹಾಕಬೇಡ.

ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ನಿಮ್ಮಪ್ಪನಿಗೆ ಫೋನ್ ಮಾಡಿ ಅಳಬೇಡ. ನೀನು ಅತ್ತರೆ ಅವರು ಮಾರನೆಯ ದಿನವೇ ಗಾಡಿ ಮಾಡಿಕೊಂಡು ಬಂದು ನಿನ್ನನ್ನು ಕೂರಿಸಿಕೊಂಡು ಬರುವವರು.

ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಶಿವ ಕಾಯಲಿ.

ನಿನ್ನ ಅವ್ವ,
ಪಾರ್ವತವ್ವ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ನಿಮ್ಮಪ್ಪನ ಮಾತಿಗೆ ಕೊಡದ ಉತ್ತರ ನಿನಗಾದರೂ ಕೊಡಬೇಕು. ಮೇಲೆ ನೆವ ಎಂದು ಬರೆದರೂ ಬಚ್ಚಲಿನ ಹಾಸುಗಲ್ಲು ಒಡೆದದ್ದು ನಿಜ. ಹಂಡೆ ಬಿತ್ತು ಎಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ನಿನ್ನ ಹೆಸರಿಡುವ ದಿನ ನಿನಗಿಂತ ಮೊದಲು ತೊಟ್ಟಿಲಿಗೆ ಹಾಕಿದ್ದೆವಲ್ಲ, ಆ ಗುಂಡುಕಲ್ಲು ಇನ್ನೂ ಅಡಿಗೆಮನೆಯಲ್ಲಿದೆ. ಅದನ್ನು ನಿನ್ನ ಹಳೆಯ ಕುಲಾವಿ, ದುಪ್ಪಟಿಯಲ್ಲಿ ಸುತ್ತಿ, ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದೆ. ಸಕೀನಾ ಮುಂದಿನ ಗುಳಿಗೆ ತರುವುದು ಇನ್ನೂ ದೂರವಿತ್ತು, ತಲೆ ತಿಳಿಯಾಗಿತ್ತು. ಒಂದು ತಂಬಿಗೆ ಎರೆದೆ, ಏನೂ ಆಗಲಿಲ್ಲ. ನಗು ಬಂತು, ಅದರ ಜೊತೆ ಮಾತೂ ಆಡಿದೆ. ತಿರುವಿ ಮಲಗಿಸೋಣ ಎಂದು ಎರಡೂ ಕೈಯಲ್ಲಿ ಎತ್ತಿದಾಗ ಒದ್ದೆ ದುಪ್ಪಟಿಯ ಚುಂಗು ಎಡ ಅಂಗೈಗೆ ಸವರಿತು. ಕೈ ತಾನೇ ಕಲ್ಲನ್ನು ಹಾಸುಗಲ್ಲಿನ ಮೇಲೆ ಎಸೆದುಬಿಟ್ಟಿತು. ನಿದ್ದೆ ಬಂದಿರಲಿಲ್ಲ ಶಾಂಭವಿ. ನಾನು ಎಚ್ಚರವಾಗಿಯೇ ಇದ್ದೆ.