ಅಂಗಳದ ಪಾಪಿ

ನವೆಂಬರ್ 3, 2024, ಬೆಳಿಗ್ಗೆ 6.30
ಸಸಿಗಳಿಗೆ ನೀರು, ಬುಡಕ್ಕೆ ಮಾತ್ರ. ಒಂಬತ್ತು ಬದುಕಿವೆ. ಇರಾನ್ ಕಡೆಯ ಪಾಪಿ ಹೂವಿನ ಗಿಡ, ಗಸಗಸೆಯ ದೂರದ ನೆಂಟ. ಕೆಂಪು ಹೂ, ಕೊಂಬಿನಂಥ ಕಾಯಿ ಬಿಡುತ್ತದಂತೆ. ಮಧುಗಿರಿಯ ಕಲ್ಲುಮಣ್ಣು ಒಗ್ಗಿದೆ.
ಪಕ್ಕದ ಮನೆಯ ಹನುಮಕ್ಕ ಗೋಡೆಯಾಚೆಯಿಂದ ಇಣುಕಿದಳು. "ಏನ್ ಗಿಡ ಮೇಡಂ?"
"ಪಾಪಿ."
"ಹೆಸ್ರೇ ಇಂಗೈತಲ್ಲಮ್ಮ!"
ನಾನು ನಗಲಿಲ್ಲ. ಅವಳ ಕೋಳಿ ಎರಡು ಸಸಿ ಕೆದರಿ ಹಾಕಿದೆ.

ಡಿಸೆಂಬರ್ 19
ಗಂಡನದು ಮತ್ತೆ ಅದೇ ರಾಗ. "ಆ ಜಾಗದಾಗೆ ಕಾರ್ ಶೆಡ್ ಹಾಕ್ಬೋದಿತ್ತು ಕಣೇ." ಜಾಗ ನನ್ನಪ್ಪ ಕೊಟ್ಟಿದ್ದು ಅಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಫೆಬ್ರವರಿ 8, 2025
ಅರಳಿತು! ನಾಲ್ಕೇ ಎಸಳು, ಬುಡದಲ್ಲಿ ಕಪ್ಪು ಮಚ್ಚೆ. ಸಂಜೆಗೆ ಉದುರಿತು. ಇನ್ನೂ ಹನ್ನೊಂದು ಮೊಗ್ಗು...

ಫೆಬ್ರವರಿ 20
ಪೊಲೀಸ್ ಜೀಪು. ನಾನು ಅಫೀಮು ಬೆಳೆಯುತ್ತಿದ್ದೇನೆಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದಾರೆ.
"ಅಫೀಮು ಬರೋ ಗಸಗಸೆ ಕಾಯಿ ಗುಂಡಗಿರುತ್ತೆ ಸಾರ್. ಇದು ಉದ್ದ, ನೋಡಿ."
"ಅದ್ನ ಲ್ಯಾಬ್‌ನೋರು ಹೇಳ್ತಾರೆ ಬುಡಿ ಮೇಡಂ."
ಬೇರು ಸಮೇತ ಕಿತ್ತರು. ಬೀದಿಯೆಲ್ಲ ನೋಡಿತು. ವಿಜ್ಞಾನದ ಟೀಚರ್ ನಾನು!

ಫೆಬ್ರವರಿ 21
ರಜೆ ಹಾಕಿದೆ. ಗಿಡದ ಹೆಸರು ಕೇಳಿದ್ದವಳು ಹನುಮಕ್ಕ ಒಬ್ಬಳೇ. ಗೋಡೆಯ ಹತ್ತಿರ ನಿಂತು ಕೂಗಿದೆ. "ಹೊಟ್ಟೆಕಿಚ್ಚಿನವಳೇ, ನಿನ್ನ ಮನೆ ಹಾಳಾಗ!"
ಹನುಮಕ್ಕ ಅತ್ತಳು. "ನಾನಲ್ಲ ಕಣಮ್ಮ, ನನ್ ಮಗಳಾಣೆ."
"ನಿನ್ನ ಮಗಳೂ ನಿನ್ನಂಥವಳೇ. ಇನ್ನು ನನ್ನ ಹತ್ತಿರ ಟ್ಯೂಷನ್‌ಗೆ ಕಳಿಸಬೇಡ."
ಮಗಳು ದಿವ್ಯ ಬಾಗಿಲಲ್ಲೇ ಇದ್ದಳು. ಈ ಸಲ ಎಸ್ಸೆಸ್ಸೆಲ್ಸಿ.

ಮಾರ್ಚ್ 6
ದಿವ್ಯ ಬಂದಿಲ್ಲ. ಪರೀಕ್ಷೆಗೆ ಹದಿನೈದೇ ದಿನ. ಬರದಿದ್ದರೆ ಬೇಡ.

ಏಪ್ರಿಲ್ 17, ಸಂಜೆ 4
ಸ್ಟೇಷನ್‌ಗೆ ಕರೆದರು. ರಿಪೋರ್ಟ್ ಬಂದಿದೆ — ಅಫೀಮಲ್ಲ. ಸಹಿಗೆಂದು ಫೈಲ್ ಮುಂದಿಟ್ಟರು. ಮೇಲೆಯೇ ಆ ಅರ್ಜಿ.
ಅಕ್ಷರ ನನ್ನ ಗಂಡನದು. ಇಪ್ಪತ್ತೆರಡು ವರ್ಷ ನೋಡಿದ ಅಕ್ಷರ. ಸಹಿ ಹಾಕಿ ಬಂದೆ.

ಏಪ್ರಿಲ್ 18
ಇವರು ತಿಂಡಿಗೆ ಕೂತಾಗ ಅರ್ಜಿಯ ವಿಷಯ ಕೇಳಿದೆ.
"ಕಿತ್ಕೊಂಡ್ ಹೋಗಿ ಸುಮ್ಕಾಯ್ತಾರೆ ಅನ್ಕೊಂಡಿದ್ದೆ," ಎಂದರು. ದೋಸೆ ಮುರಿಯುತ್ತಲೇ!
"ಹನುಮಕ್ಕನನ್ನು ಬೈದಾಗ ನೀವು ಮನೆಯಲ್ಲೇ ಇದ್ದಿರಿ."
"ಬೈದೋಳು ನೀನಲ್ವಾ?"
ಅವರ ತಟ್ಟೆ ಎತ್ತಿಕೊಂಡು ಹೋಗಿ ದೋಸೆ ಬೀದಿನಾಯಿಗೆ ಹಾಕಿದೆ. ಅಡುಗೆ ಇನ್ನು ಒಬ್ಬಳಿಗೆ.

ಮೇ 2
ರಿಸಲ್ಟ್. ದಿವ್ಯ ವಿಜ್ಞಾನದಲ್ಲಿ ಮಾತ್ರ ಫೇಲ್. ಆರು ಮಾರ್ಕ್ಸ್ ಕಡಿಮೆ.
ಇವರು ಹೇಳಿದ್ದು ನಿಜ. ಬೈದವಳು ನಾನೇ.
ಮರುಪರೀಕ್ಷೆ ಇದೆ. ನಾನೇ ಹೋಗಿ ಕರೆಯಬೇಕು. ಹನುಮಕ್ಕ ಬಾಗಿಲು ತೆಗೆದರೆ ಮೊದಲು ತಪ್ಪಾಯಿತು ಅನ್ನಬೇಕು. ಆಮೇಲೆ ಪಾಠ.