ಹನ್ನೊಂದೂಕಾಲು ಗಂಟೆಯ ಫೋನು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಎರಡನೆಯದರಲ್ಲಿ ನೀನು ಬರೆದದ್ದು ಒಂದೇ ಸಾಲು: "ಅಮ್ಮಾ, ಬದುಕಿದ್ದೀಯಾ?" ಬದುಕಿದ್ದೇನೆ ಮಹರಾಯ್ತಿ, ಗುಂಡುಕಲ್ಲಿನ ಹಾಗಿದ್ದೇನೆ. ಪ್ರೆಸ್ಸಿನಲ್ಲಿ ಈಗಲೂ ಪ್ರೂಫ್ ತಿದ್ದುವುದು ನಾನೇ. ಹೊಸ ಕನ್ನಡಕ ಚೆನ್ನಾಗಿ ಹೊಂದಿಕೊಂಡಿದೆ. ನೀನೇ ಉಜ್ಜಿ ಕೂರಿಸಿದ ಗಾಜು ಎಂದು ಮ್ಯಾನೇಜರಿಗೆ ನಾಲ್ಕು ಸಲ ಹೇಳಿದೆ. ಐದನೇ ಸಲಕ್ಕೆ ಅವರು ಎದ್ದು ಹೋದರು.

ಮನೆಗೊಂದು ಫೋನು ಹಾಕಿಸಿಕೊಂಡಿದ್ದರೆ ಇಷ್ಟು ಕಾಯಬೇಕಾಗಿತ್ತೇ ಎಂದು ನೀನು ಗೊಣಗುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೊಡ್ಡ ಸುದ್ದಿ. ನಿನ್ನ ಅಪ್ಪನ ಹೆಸರನ್ನು ಕಾಣೆಯಾದವರ ಪಟ್ಟಿಯಿಂದ ತೆಗೆಯಲಿಲ್ಲ. ಸಮಿತಿಯ ಕಾಗದ ಕಳೆದ ವಾರ ಬಂತು. ಮೂರು ಸಲ ಓದಿದೆ, ಒಂದು ಸಲ ಗಟ್ಟಿಯಾಗಿ. ಕೆಳಗಿನ ಮನೆಯ ಟೈಲರ್ ಹೊಲಿಗೆ ಮಿಷನ್ನು ನಿಲ್ಲಿಸಿ, "ಯಾರಮ್ಮಾ ಮೇಲೆ ಭಾಷಣ ಮಾಡ್ತಿರೋದು?" ಎಂದು ಕೂಗಿದರು.

ಈ ಸಮಿತಿಯ ಮೇಲೆ ನಿನಗೆ ನಂಬಿಕೆ ಇಲ್ಲವೆಂದು ಗೊತ್ತು. ಟೈಲರಿಗೂ ಇಲ್ಲ. "ಐದು ದೇಶದ ಐದು ಜನ, ಎಲ್ಲೋ ದೂರದ ಊರಲ್ಲಿ ಕೂತು ಕಾಗದ ಬರೀತಾರೆ. ಕಾಗದ ಬರೆದ್ರೆ ಜೈಲಿನ ಬೀಗ ಬಿಚ್ಚುತ್ತಾ?" ಎಂದು ಹನ್ನೆರಡು ವರ್ಷದಿಂದ ಕೇಳುತ್ತಲೇ ಇದ್ದಾರೆ. ಬಿಚ್ಚುವುದಿಲ್ಲ, ನಿಜ. ವಿಶ್ವಸಂಸ್ಥೆಯ ಆ ಐವರ ಬಳಿ ಪೊಲೀಸರಿಲ್ಲ, ಬೀಗದ ಕೈ ಇಲ್ಲ. ಇರುವುದು ಒಂದು ಪಟ್ಟಿ ಮತ್ತು ಹಟ. ಕಾಣೆಯಾದ ಒಬ್ಬೊಬ್ಬನ ಹೆಸರಿಗೂ ಒಂದು ನಂಬರು ಕೊಟ್ಟು, "ಈ ಮನುಷ್ಯ ಎಲ್ಲಿ?" ಎಂದು ಆ ದೇಶದ ಸರ್ಕಾರಕ್ಕೆ ಬರೆಯುತ್ತಾರೆ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತಾರೆ. ಮಂತ್ರಿ ಬದಲಾದರೆ ಹೊಸ ಮಂತ್ರಿಗೂ ಅದೇ ಪ್ರಶ್ನೆ. ಕಾಗದದಿಂದಲೇ ಹೊಟ್ಟೆ ಹೊರೆದವಳು ನಾನು, ನನಗೆ ಅವರ ರೀತಿ ಅರ್ಥವಾಗುತ್ತದೆ. ಈ ಊರಿನಲ್ಲಿ ನಿನ್ನ ಅಪ್ಪನ ಹೆಸರೆತ್ತಿದರೆ ಜನ ಮಾತು ಬದಲಿಸುತ್ತಿದ್ದ ಕಾಲದಲ್ಲೂ, ಎಲ್ಲೋ ಒಂದು ಕಪಾಟಿನಲ್ಲಿ ಆ ಹೆಸರು ನೆಟ್ಟಗೆ ನಿಂತಿತ್ತು.

ಆದರೆ ಹೋದ ಸೆಪ್ಟೆಂಬರಿನಲ್ಲಿ ಸರ್ಕಾರ ಕೊನೆಗೂ ಉತ್ತರ ಕೊಟ್ಟಿತು. ನಿನಗೆ ತಿಳಿಸಿರಲಿಲ್ಲ, ಬೇಕೆಂದೇ ತಿಳಿಸಲಿಲ್ಲ. ಅಪ್ಪನನ್ನು ಮನೆಯಿಂದ ಕರೆದೊಯ್ದ ದಿನದ ಬಗ್ಗೆ ಅವರು ಬರೆದದ್ದು ಇಷ್ಟು: ಆ ಬುಧವಾರ ನಮ್ಮ ಯಾವ ಸಿಬ್ಬಂದಿಯೂ ಆ ಮನೆಗೆ ಹೋಗಿಲ್ಲ. ಆ ವ್ಯಕ್ತಿ ತನ್ನಿಷ್ಟದಂತೆ ಮನೆ ಬಿಟ್ಟು ಹೋಗಿದ್ದಾನೆ. ಇದ್ದ ಒಬ್ಬಳೇ ಸಾಕ್ಷಿ ಒಂಬತ್ತು ವರ್ಷದ ಮಗು, ಅದೂ ಜ್ವರದಲ್ಲಿತ್ತು, ಅದರ ಮಾತು ನಂಬತಕ್ಕದ್ದಲ್ಲ. ನಾವು ಆರು ತಿಂಗಳೊಳಗೆ ಇದಕ್ಕೆ ಏನೂ ಹೇಳದಿದ್ದರೆ ಸಮಿತಿ ಆ ಉತ್ತರವನ್ನೇ ಒಪ್ಪಿಕೊಂಡು ಕಡತ ಮುಚ್ಚಬಹುದಿತ್ತು. ಓದಿದಾಗ ನನಗೆ ಕಣ್ಣೀರು ಬರಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ಮಗಳನ್ನು "ಅದು" ಎಂದಿದ್ದರು.

ಕಡತದ ಕಟ್ಟು ಹೊತ್ತುಕೊಂಡು ವಕೀಲಮ್ಮನ ಕಚೇರಿಗೆ ಹೋದೆ. ನಮ್ಮ ಅರ್ಜಿಗಳನ್ನೆಲ್ಲ ದುಡ್ಡು ಮುಟ್ಟದೆ ಬರೆದುಕೊಟ್ಟವಳು ಅವಳೇ, ನಿನಗೆ ನೆನಪಿರಬೇಕು, ಪೆನ್ನನ್ನು ಜಡೆಯಲ್ಲಿ ಸಿಕ್ಕಿಸಿಕೊಂಡು ಕಚೇರಿಯೆಲ್ಲ ಹುಡುಕುತ್ತಾಳೆ. ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟು, ಒಂದು ಪ್ರಶ್ನೆ ಕೇಳಿದಳು.

"ಅಲ್ಲಮ್ಮಾ, ನಿಮ್ಮ ಯಜಮಾನರು ದಿನಾ ಬಣ್ಣದ ಫ್ಯಾಕ್ಟರಿಗಳ ಬಾಗಿಲು ಬಾಗಿಲು ಸುತ್ತೋರು. ಉಸಿರಾಟ ಕೆಟ್ಟ ಕೆಲಸಗಾರರ ಹೇಳಿಕೆ ಬರ್ಕೊಳ್ಳೋರು. ಯಾವತ್ತು ಎಲ್ಲಿರ್ತಾರೆ ಅಂತ ನಿಮಗೇ ಗೊತ್ತಿರ್ತಿರಲಿಲ್ಲ. ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಮನೇಲಿರ್ತಾರೆ ಅಂತ ಬಂದೋರಿಗೆ ಹೇಗೆ ಗೊತ್ತಾಯ್ತು?"

ನಾನು ಕಡತದ ಕಟ್ಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಅವಳು ಬಿಡಲಿಲ್ಲ. "ಇದಕ್ಕೊಂದು ಉತ್ತರ ಸಿಕ್ಕಿದ್ರೆ ಸಾಕು. ಯಾರೂ ಹೋಗಿಲ್ಲ ಅನ್ನೋ ಮಾತು ಅಲ್ಲೇ ಬಿದ್ದುಹೋಗುತ್ತೆ."

ಉತ್ತರ ಇತ್ತು ಗುಬ್ಬಿ. ನಮ್ಮ ಪ್ರೆಸ್ಸಿನ ಫೋನ್ ಪುಸ್ತಕದಲ್ಲಿತ್ತು. ಮ್ಯಾನೇಜರ ಆ ಶಿಸ್ತು ನಿನಗೆ ಗೊತ್ತಲ್ಲ, ನೀನು ಚಿಕ್ಕವಳಿದ್ದಾಗ ಅದನ್ನು ಅಣಕಿಸಿ ನಮ್ಮನ್ನು ನಗಿಸುತ್ತಿದ್ದೆ. ಪ್ರೆಸ್ಸಿಗೆ ಬಂದ ಪ್ರತಿ ಫೋನನ್ನೂ ಪುಸ್ತಕದಲ್ಲಿ ಬರೆಯಬೇಕು: ಗಂಟೆ, ಯಾರು, ಅವರ ನಂಬರು, ಏನು ಕೇಳಿದರು, ನಾವು ಏನು ಹೇಳಿದೆವು. ನಂಬರು ಕೊಡದವರಿಗೆ ಉತ್ತರ ಕೊಡುವ ಹಾಗಿಲ್ಲ, ಸಾಕ್ಷಾತ್ ಅವರ ಹೆಂಡತಿಗೂ. ಪ್ರೂಫ್ ಕೋಣೆಯಲ್ಲಿ ಆಗ ಮೂವರಿದ್ದೆವು, ಕೈ ಬಿಡುವಿದ್ದವರು ಫೋನು ಎತ್ತುತ್ತಿದ್ದೆವು.

ಆಗಲೂ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ನಮ್ಮನ್ನು ಕೇಳಿ ಬರುವ ಫೋನೂ ಪ್ರೆಸ್ಸಿಗೇ ಬರುತ್ತಿತ್ತು. ಆ ಬುಧವಾರದ ಪುಟದಲ್ಲಿ ಹೀಗಿದೆ: ಹನ್ನೊಂದೂಕಾಲು. ನೀರಿನ ಮೀಟರ್ ಕಚೇರಿ. ಮನೆಯ ಯಜಮಾನರು ಯಾವಾಗ ಸಿಗುತ್ತಾರೆ ಎಂದು ಕೇಳಿದರು. ಮಗಳಿಗೆ ಜ್ವರ, ಒಂದು ಗಂಟೆಗೆ ಊಟಕ್ಕೆ ಮನೆಗೆ ಬರುತ್ತಾರೆ ಎಂದು ತಿಳಿಸಲಾಯಿತು. ಬರುವುದು ತಡವಾದರೆ ತಿಳಿಸಲು ಕೊಟ್ಟ ನಂಬರು, ಇಂತಿಂಥದು.

ಕಚೇರಿಯ ಹೆಸರು ಸುಳ್ಳು. ಆದರೆ ಅಪ್ಪ ಬರುವುದು ತಡವಾದರೆ ಫೋನು ಮಾಡಿದವನಿಗೆ ತಿಳಿಯಬೇಕಿತ್ತಲ್ಲ, ಹಾಗಾಗಿ ನಂಬರು ಮಾತ್ರ ನಿಜವಾದದ್ದನ್ನೇ ಕೊಟ್ಟಿದ್ದ. ವಕೀಲಮ್ಮ ಆ ವರ್ಷದ ಟೆಲಿಫೋನ್ ಡೈರೆಕ್ಟರಿ ಎಲ್ಲಿಂದಲೋ ಹುಡುಕಿಸಿದಳು. ಅದು ಸಶಸ್ತ್ರ ಪಡೆಯ ಶಿಬಿರದ ನಂಬರು! ಅವಳು ಕುರ್ಚಿಯಿಂದ ಎದ್ದು ನಿಂತೇಬಿಟ್ಟಳು. "ಹನ್ನೆರಡು ವರ್ಷ ಇದು ಎಲ್ಲಿತ್ತಮ್ಮಾ?" ಎಂದಳು. "ನನ್ನ ಟ್ರಂಕಿನಲ್ಲಿ" ಎಂದೆ. ಪುಸ್ತಕ ಕಾಣೆಯಾದಾಗ ಮ್ಯಾನೇಜರು ಒಂದು ತಿಂಗಳು ಪ್ರೆಸ್ಸನ್ನೆಲ್ಲ ತಲೆಕೆಳಗು ಮಾಡಿದ್ದರು, ಪಾಪ.

ಪುಟದ ಪ್ರತಿ, ಡೈರೆಕ್ಟರಿಯ ಪ್ರತಿ, ಫೋನು ಎತ್ತಿದವರ ಸಹಿ ಮಾಡಿದ ಹೇಳಿಕೆ, ಮೂರನ್ನೂ ನವೆಂಬರಿನಲ್ಲಿ ಕಳಿಸಿದೆವು. ಕಳಿಸುವ ಮೊದಲು ವಕೀಲಮ್ಮ ಎಚ್ಚರಿಸಿದಳು, "ಈ ಹೇಳಿಕೆ ಸರ್ಕಾರದ ಕೈಗೂ ಹೋಗುತ್ತೆ. ಭಯ ಇಲ್ವಾ?" ಸರ್ಕಾರದ ಭಯ ನನಗೆ ಯಾವತ್ತೋ ಬಿಟ್ಟುಹೋಯಿತು ಎಂದೆ.

ಈಗ ಸಮಿತಿ ಬರೆದಿರುವುದನ್ನು ಕೇಳು. ಸರ್ಕಾರದ ಉತ್ತರ ಸಾಲದು. ಶಿಬಿರದಿಂದ ಆ ಹೊತ್ತಿನಲ್ಲಿ ಫೋನು ಮಾಡಿದವರು ಯಾರು, ಯಾರ ಅಪ್ಪಣೆಯಿಂದ, ತಿಳಿಸಬೇಕು. ಕಡತ ತೆರೆದೇ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿದೆ, ಅದನ್ನು ನಿನಗಾಗಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ: ಆ ದಿನ ಮನೆಯಲ್ಲಿದ್ದ ಮಗಳ ಹೇಳಿಕೆ ಉಳಿದ ದಾಖಲೆಗಳಿಗೆ ಹೊಂದುತ್ತದೆ, ಅದನ್ನು ತಳ್ಳಿಹಾಕಲು ಕಾರಣವಿಲ್ಲ. ಐದು ದೇಶದವರು ನಿನ್ನ ಮಾತು ನಂಬಿದ್ದಾರೆ ಗುಬ್ಬಿ. ಟೈಲರಿಗೆ ಓದಿ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ, "ಕಾಗದಾನೂ ಕಚ್ಚುತ್ತೆ ಅನ್ನಿ" ಎಂದರು. ಅವರಿಂದ ಅಷ್ಟು ಬಂದದ್ದೇ ದೊಡ್ಡದು.

ಅಪ್ಪ ಬರುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಅವರೆಲ್ಲಿ ಎಂದು ಹೇಳದೆ ಈ ಸರ್ಕಾರದವರು ಪಾರಾಗುವುದಿಲ್ಲ, ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ನಾನು ಹೋದಮೇಲೂ ಆ ಪ್ರಶ್ನೆ ಹೋಗುತ್ತಲೇ ಇರುತ್ತದೆ. ನಾನೂ ಅಪ್ಪನೂ ಮೊದಲು ಭೇಟಿಯಾದದ್ದೇ ಅವರು ಅಚ್ಚಿಗೆ ತಂದ ಮಾನವ ಹಕ್ಕುಗಳ ಕರಪತ್ರದ ಮೇಲೆ. ಹದಿನೇಳು ತಪ್ಪು ತೆಗೆದಿದ್ದೆ. "ವಿಷಯ ಸರಿಯಿದೆಯಲ್ಲ?" ಎಂದು ನಕ್ಕಿದ್ದರು. ವಿಷಯ ಸರಿಯೇ ಇತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಂದ ಬೆಳಕಿನಲ್ಲಿ ಗಾಜು ಉಜ್ಜಬೇಡ, ಊರಿನ ಕಣ್ಣು ಸರಿಮಾಡಲು ಹೋಗಿ ನಿನ್ನ ಕಣ್ಣು ಕಳೆದುಕೊಂಡೀಯೆ. ನಿನ್ನ ಜೊತೆಗಾತಿಗೂ ನನ್ನ ಪ್ರೀತಿ ತಿಳಿಸು. ನೂರು ವರ್ಷ ಸುಖವಾಗಿ, ತಲೆಯೆತ್ತಿ ಬಾಳು ಮಗಳೇ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಈ ಹೊತ್ತಿನವರೆಗೂ ಧೈರ್ಯ ಬಂದಿರಲಿಲ್ಲ. ಆ ಪುಟದ ಕೈಬರಹ ನನ್ನದು. ಫೋನು ಎತ್ತಿದವಳು ನಾನು. ನಂಬರು ಕೇಳಿ, ನಿಯಮದ ಪ್ರಕಾರ ಬರೆದುಕೊಂಡು, ಒಂದು ಗಂಟೆಗೆ ಬರುತ್ತಾರೆ ಎಂದು ಅವನಿಗೆ ಹೇಳಿದವಳು ನಾನು. "ಬಹಳ ಉಪಕಾರವಾಯ್ತು" ಎಂದಿದ್ದ ಅವನು. ಮನೆಗೆ ಫೋನು ಯಾಕೆ ಬೇಡವೆನ್ನುತ್ತೇನೆಂದು ಈಗ ಗೊತ್ತಾಯಿತಲ್ಲ.

ನೀನು ಮಾತ್ರ, ಅಂದು ಬಂದವರಿಗೆ ಬಾಗಿಲು ತೆಗೆದು "ಅಪ್ಪ ಊಟ ಮಾಡ್ತಿದಾರೆ, ಬನ್ನಿ" ಎಂದದ್ದಕ್ಕೇ ಅಪ್ಪ ಹೋದರೆಂದು ತಿಳಿದುಕೊಂಡೆ. ಆಮೇಲೆ ಈ ಮನೆಯ ಬಾಗಿಲನ್ನು ನೀನು ಒಂದು ದಿನವೂ ತೆಗೆಯಲಿಲ್ಲ. ಈಗಲೂ ಯಾರಾದರೂ ತಟ್ಟಿದರೆ ಜೊತೆಗಾತಿಯನ್ನೇ ಕಳಿಸುತ್ತೀಯಂತೆ, ಅವಳೇ ಬರೆದಿದ್ದಳು. ನಾನು ಎಲ್ಲ ನೋಡಿದೆ, ಬಾಯಿ ಬಿಡಲಿಲ್ಲ. ನೀನು ಹೊತ್ತುಕೊಂಡಿದ್ದರಿಂದ ನಾನು ಹೊರದೆ ಉಳಿದೆ. ತಾಯಿ ಮಾಡುವ ಕೆಲಸವಲ್ಲ, ಆದರೂ ಮಾಡಿದೆ. ಸಮಿತಿಗೆ ಸಹಿ ಹಾಕಿದ್ದು ನವೆಂಬರಿನಲ್ಲಿ. ನಿನಗೆ ಬರೆಯಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಬಯ್ಯುವುದಿದ್ದರೆ ಬರೆಯಬೇಡ, ಬಂದು ಬಯ್ಯಿ. ನೀನು ತಟ್ಟಿದರೆ ಸಾಕು, ಬಾಗಿಲು ನಾನು ತೆಗೆಯುತ್ತೇನೆ.