ಟ್ಯಾಂಕರಿನ ನೀರು

ಹೊಸದುರ್ಗ
ಗುರುವಾರ

ದಾಕ್ಷಾಯಿಣಕ್ಕನವರಿಗೆ ಮೆಕ್ಯಾನಿಕ್ ಫಜಲುಲ್ಲಾ ಅವರ ಹೆಂಡತಿ ನಸೀಬಾಳ ಸಲಾಮು.

ನಾನು ಓದಿದ್ದು ಐದನೇ ಕ್ಲಾಸು, ತಪ್ಪಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಾವನವರು ಮಿಲಿಟರಿಯಲ್ಲಿ ಓಡಿಸುತ್ತಿದ್ದಂಥ ನೀರಿನ ಲಾರಿ ರಿಪೇರಿಯಾಗಿ ಹೊಸದರ ಹಾಗೆ ನಿಂತಿದೆ. ಭಾನುವಾರ ಅವರ ಪುಣ್ಯಸ್ಮರಣೆಗೆ ಮಾಡದಕೆರೆ ಜನಕ್ಕೆ ಅದರಿಂದಲೇ ನೀರು ಕೊಡುತ್ತೀರಂತೆ. ಕೊಡಬೇಡಿ ಅಕ್ಕಾ. ಮಿಲಿಟರಿಯವರು ಹರಾಜು ಹಾಕಿದ ಮೇಲೆ ಯಾರೋ ಅದರಲ್ಲಿ ತೋಟಕ್ಕೆ ಹೊಡೆಯುವ ಔಷಧಿ ತುಂಬುತ್ತಿದ್ದರಂತೆ. ಅದನ್ನು ತೊಳೆದ ನೀರು ಕುಡಿದು ನಮ್ಮ ಮೇಕೆಗಳು ಸತ್ತವು.

"ಅದು ಹಳೇ ಕೊಳೆ ಕಣೇ. ಉಜ್ಜಿ, ಒಳಗೆಲ್ಲ ಬಣ್ಣ ಹೊಡ್ದೀನಿ. ಈಗೇನೈತೆ ಅದ್ರಾಗೆ? ನಿಂಗೆ ಮಳೆ ಬಂದ್ರೂ ಭಯ, ಬರದಿದ್ರೂ ಭಯ" ಅಂತ ಇವರು ನಗುತ್ತಾರೆ. ನಾನು ಹೆದರುಪುಕ್ಕಲಿಯೇ ಇರಬಹುದು. ಬಣ್ಣ ಒಣಗಿದ ಮೇಲೆ ತುಂಬಿದ ನೀರನ್ನೂ ನಿನ್ನೆ ಒಂದು ಕೋಳಿಗೆ ಇಟ್ಟು ನೋಡಿದೆ. ಬೆಳಿಗ್ಗೆ ಅದು ಏಳಲಿಲ್ಲ. ತೋರಿಸಿದರೆ "ಕೋಳಿಗೆ ರೋಗ ಬಂದೈತೆ" ಅಂದರು.

ತಮ್ಮ ಕೈಕೆಲಸದ ಮೇಲೆ ಇವರಿಗೆ ಅಷ್ಟು ನಂಬಿಕೆ. ನಿಮ್ಮ ಯಜಮಾನರು ಹೇಳಿದರೆ ಕೇಳುತ್ತಾರೆ. ಲಾರಿಗೆ ಹೂವು ಹಾಕಿ ನಿಲ್ಲಿಸಿ, ನೀರು ಮಾತ್ರ ಬೇರೆ ಕಡೆಯಿಂದ ತರಿಸಿ. ನಾನು ಬರೆದೆ ಅನ್ನಬೇಡಿ.

ಭಾನುವಾರ ಎಲ್ಲರ ಎದುರಿಗೆ ಮೊದಲ ಲೋಟ ಇವರೇ ಕುಡಿದು ತೋರಿಸುತ್ತಾರಂತೆ. ಕುಡಿದೇ ಬಿಡುತ್ತಾರೆ ಅಕ್ಕಾ.

ಇಂತಿ ನಿಮ್ಮ
ನಸೀಬಾ